ಎರಡೇ ತಿಂಗಳಿಗೆ ತುಕ್ಕು!

"ಇದನ್ನ ಬೈಕು ಅಂತೀರಾ? ಗುಜರಿಗೆ ಹಾಕಿದ್ರೂ ತಗೊಳ್ಳಲ್ಲ!"

ದೋಣಿಗೆ ಕಾಯುತ್ತಿದ್ದ ಜನರೆಲ್ಲ ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಸೈಲೆನ್ಸರ್ ಮೇಲೆ ಬೆರಳು ಎಳೆದಳು. ಕೆಂಪು ಪುಡಿ ಮೆತ್ತಿಕೊಂಡಿತು. ಆ ಬೆರಳನ್ನು ದೋಣಿಯ ಚಾಲಕನ ಮೂಗಿನ ಮುಂದೆಯೇ ಹಿಡಿದಳು.

"ಎರಡು ತಿಂಗಳ ಹಿಂದೆ ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚಬಹುದಿತ್ತು. ಏನ್ ಮಾಡಿದ್ರಿ ಹೇಳಿ!"

ಅವನು ಹಗ್ಗವನ್ನು ಕಂಬಕ್ಕೆ ಸುತ್ತುತ್ತಲೇ ಇದ್ದ. "ತಪ್ಪಾಯ್ತು," ಅಂದ, ತಲೆ ಎತ್ತದೆ.

ಅಷ್ಟೇನಾ?! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬೈಕು ತೊಳೆದು, ಸಮುದ್ರದ ಗಾಳಿಗೆ ತುಕ್ಕು ಹಿಡಿಯದಂತೆ ಮೇಣದ ಲೇಪ ಹಾಕಿಕೊಡುವ ಅಂಗಡಿ ಅವಳದು. ಬಂದವರೆಲ್ಲ ಮೊದಲು ಕೇಳುತ್ತಿದ್ದುದು, "ಮಾಲೀಕರು ಎಲ್ಲಮ್ಮಾ?" ಇವನೊಬ್ಬ ಕೇಳಿರಲಿಲ್ಲ. ಇಂಜಿನ್ ತಣ್ಣಗಾದ ಮೇಲೇ ನೀರು ಹಾಕಿ, ಸಿಹಿನೀರೇ ಆಗಬೇಕು, ಮೆತ್ತನೆ ಬಟ್ಟೆಯಲ್ಲೇ ಒರೆಸಿ, ಚೈನು ಒಣಗಿದ ಮೇಲೆ ಎಣ್ಣೆ ಬಿಡಿ... ಅವಳು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದ. ಅವನು ಹೋದ ಮೇಲೂ ಎಷ್ಟೋ ದಿನ ಅವಳ ಕಿವಿ ಆ ಬೈಕಿನ ಸದ್ದಿಗೆ ಕಾದಿತ್ತು.

ಈಗ ನೋಡಿದರೆ!

ತುಕ್ಕು ಹಿಡಿದ ಆ ಬೈಕು ದಿನವಿಡೀ ದೋಣಿಕಟ್ಟೆಯಲ್ಲಿ ನಿಲ್ಲುತ್ತಿತ್ತು. 'ಅವಳ ಕೆಲಸ ಇಷ್ಟೇ' ಅನ್ನುವ ಮಾತು ಊರೆಲ್ಲ ಸುತ್ತಿ ಬಂದಿತ್ತು. ವಾರದಿಂದ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಬೆಳಿಗ್ಗೆಯಷ್ಟೇ ಅಣ್ಣ, "ಸಾಕು, ಬೀಗ ಹಾಕು. ನನ್ನ ಮರ್ಯಾದೆನೂ ಹೋಗ್ತಿದೆ," ಅಂದಿದ್ದ.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಾನೇನ್ರೀ ಮಾಡಿದ್ದೆ ನಿಮಗೆ?"

ಈಗ ಅವನು ತಟ್ಟನೆ ತಲೆ ಎತ್ತಿದ. "ಹೊಟ್ಟೆ ಮೇಲಾ? ಯಾಕೆ, ಏನಾಯ್ತು?"

ಅವಳು ಒಂದೂ ಬಿಡದೆ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ದೇವರಾಣೆ ಗೊತ್ತಿರ್ಲಿಲ್ಲ. ನಾಳೆ ಬೆಳಿಗ್ಗೆ ಒಂದ್ಸಲ ನಮ್ಮ ಮನೆಗೆ ಬನ್ನಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಮಾರನೇ ದಿನ ಅವಳು ಬೈಗುಳ ಜೋಡಿಸಿಕೊಂಡೇ ಹೋದಳು. ಆದರೆ ಗೇಟಿನ ಬಳಿ ಕಾಲು ನಿಂತುಬಿಟ್ಟಿತು.

ಅಂಗಳದಲ್ಲಿ ಅವನ ಅಮ್ಮ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಉಪ್ಪು ಬಾವಿಯ ನೀರು. ಕೈಯಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ನಾರು, ಸೋಪಿನ ಪುಡಿ. ಕರಕರ, ಕರಕರ... ಬೈಕು ಉಜ್ಜುತ್ತಿದ್ದರು!

"ಅಯ್ಯೋ, ಅಮ್ಮ—"

ಅವನು ಕೈ ಅಡ್ಡ ಹಿಡಿದ. ಮೆಲ್ಲಗೆ ಹೇಳಿದ, "ಅದು ಅಪ್ಪನ ಬೈಕು. ಅಪ್ಪ ಹೋದ ಮೇಲೆ ಅಮ್ಮ ಒಂದು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ನೀವು ಹೊಳಪು ಬರಿಸಿ ಕೊಟ್ರಲ್ಲ, ಅವತ್ತು ಕಿಟಕಿಯಿಂದ ನೋಡಿ ತಾವಾಗೇ ಎದ್ದು ಹೊರಗೆ ಬಂದ್ರು. ಮಾರನೇ ದಿನದಿಂದ ಇದೇ ಕೆಲಸ. ಬೇಡ ಅಂತ ಹೇಗೆ ಹೇಳ್ಲಿ?"

ಜೋಡಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಅರ್ಧ ಅವಳಿಗೆ ಮರೆತೇಹೋಯಿತು. ಕೋಪ ಮಾತ್ರ ಇಳಿಯಲಿಲ್ಲ.

"ಅಮ್ಮಂಗೆ ಹೇಳೋಕಾಗ್ಲಿಲ್ಲ, ಸರಿ. ನನಗೆ? ನಿಮ್ಮ ಬಾಯಿಗೂ ತುಕ್ಕು ಹಿಡಿದಿತ್ತಾ?"

"ನಾಲ್ಕು ಸಲ ನಿಮ್ಮ ಅಂಗಡಿ ತಿರುವಿನ ತನಕ ಬಂದೆ. ನಿಮ್ಮ ಕೆಲಸ ಹಾಳಾಗೋದು ನೋಡ್ತಾ ಕೂತೋನು, ಯಾವ ಮುಖ ಇಟ್ಕೊಂಡು ಬರ್ಲಿ?"

ಅವಳು ನೇರ ಹೋಗಿ ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾ, ನಾರು ಹಾಕಿದ್ರೆ ಅದಕ್ಕೆ ಮೈ ತರಚತ್ತೆ. ಉಪ್ಪು ನೀರು ಗಾಯಕ್ಕೆ ಬಿದ್ದ ಹಾಗೆ. ನಾನು ತೋರಿಸ್ಲಾ?"

"ನೀನ್ಯಾರಮ್ಮಾ?"

"ಬೈಕು ತೊಳೆಯೋಳು."

"ಓ, ನೀನೇನಾ!" ಅಮ್ಮನ ಕಣ್ಣು ಅರಳಿತು. "ಇವನು ಊಟಕ್ಕೆ ಕೂತ್ರೆ ನಿನ್ನ ಮಾತೇ ಕಣೇ!"

ಅವನು ಬಾವಿ ಕಡೆ ತಿರುಗಿ ನಿಂತ. ಕಿವಿ ಕೆಂಪಾಗಿದ್ದು ಹಿಂದಿನಿಂದಲೂ ಕಾಣುತ್ತಿತ್ತು!

ಅವತ್ತಿನಿಂದ ಅವನು ದೋಣಿ ಹೊರಡಿಸುವ ಮುಂಚೆ ಪ್ರತಿ ಸಲ ಎದ್ದು ನಿಂತು ಹೇಳತೊಡಗಿದ: "ನನ್ನ ಬೈಕಿಗೆ ತುಕ್ಕು ಹಿಡಿದಿದ್ದು ನನ್ನ ತಪ್ಪಿಂದ. ಬೈಕು ತೊಳೆಯೋ ಅಂಗಡಿಯವರ ಕೆಲಸದಲ್ಲಿ ಒಂದು ಚೂರೂ ದೋಷ ಇಲ್ಲ." ಜನ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಅಂಗಡಿಗೆ ಬಂದರು. ಬೀಗದ ಮಾತು ಅಣ್ಣನ ಬಾಯಲ್ಲಿ ಮತ್ತೆ ಬರಲಿಲ್ಲ.

ಅಮ್ಮ ಅಂಗಡಿಗೇ ಬರತೊಡಗಿದರು. ಅವಳು ಎಣ್ಣೆ ಬಿಟ್ಟು ತುಕ್ಕನ್ನು ಹದವಾಗಿ ಉಜ್ಜಿ ತೆಗೆದಳು. ಅಮ್ಮ ಸಿಹಿನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ಕೊನೆಗೆ ಹೊಸ ಲೇಪ ಬಿತ್ತು.

ಆ ಸಂಜೆ ಅಮ್ಮ ಬೇಕಂತಲೇ ಮುಂದೆ ನಡೆದರು. ಅಮ್ಮನನ್ನು ಕರೆದೊಯ್ಯಲು ಬಂದಿದ್ದ ಅವನು ಒದ್ದೆ ಬಟ್ಟೆ ಹಿಡಿದು ಅಂಗಡಿಯಲ್ಲೇ ನಿಂತಿದ್ದ.

"ಇನ್ನೂ ಕೋಪಾನಾ?"

"ಹೌದು!"

"ಎಷ್ಟು ದಿನ ಇರತ್ತೆ?"

"ಅದನ್ನೆಲ್ಲ ಹೇಳೋಕಾಗಲ್ಲ."

"ಹಾಗಾದ್ರೆ... ಪಕ್ಕದಲ್ಲೇ ಇದ್ದು ಬೈಸ್ಕೊಳ್ತೀನಿ. ಬದುಕಿರೋವರೆಗೂ. ಆಗಬಹುದಾ?"

ಅವಳು ಎಲ್ಲಿ ನೋಡಬೇಕೋ ತಿಳಿಯದೆ ಅವನ ಕೈ ನೋಡಿದಳು.

"ಮೊದಲು ಆ ಬಟ್ಟೆ ಹಿಂಡು. ನೀರು ಸೋರ್ತಿದೆ."

ಅವನು ಬಟ್ಟೆ ಮರೆತು ಅವಳನ್ನೇ ನೋಡಿದ. "ಹಿಂಡು... ಅಂದ್ರಾ? ಇಷ್ಟು ದಿನ ಹಿಂಡಿ ಅಂತಿದ್ರಿ..."

"ಹಿಂಡು ಅಂದೆ ಕಣೋ," ಅಂದಳು ಅವಳು, ಈ ಸಲ ನಗುತ್ತಾ.