ಬೀಗರೇ ಅಳಿಯನಾದಾಗ

ಜಯದೇವಪ್ಪನವರ ಕೈಯಲ್ಲಿ ನನ್ನ ಕಾಲರ್ ಇತ್ತು.

ಕಾಲರಿನೊಳಗೆ ನಾನಿದ್ದೆ.

"ನಮ್ಮ ಬೀಗರನ್ನೇ ಅಳಿಯ ಮಾಡಿದ್ದೀರಲ್ರೀ... ಆಯಪ್ಪಂಗೆ ಮೊಮ್ಮಕ್ಕಳವ್ರೆ."

ಅವರ ಇನ್ನೊಂದು ಕೈಯಲ್ಲಿ ಮಗಳ ಲಗ್ನಪತ್ರಿಕೆಯ ಪ್ರೂಫ್. ಮದುವೆ ಗಂಡಿನ ಹೆಸರಿರಬೇಕಾದ ಕಡೆ ಗಂಡಿನ ಅಪ್ಪನ ಹೆಸರು. ಮೂರನೇ ಸಲ.

ಅರಸೀಕೆರೆಯ ಆ ಡಿಟಿಪಿ ಅಂಗಡಿಗೆ ನನ್ನನ್ನು ಕರೆಸಿದವಳು ಭಾಗ್ಯ. ಅಲ್ಲಿ ಟೈಪ್ ಮಾಡುವವಳು. ನಾನು ಕಂಪ್ಯೂಟರ್ ರಿಪೇರಿಯವನು. ಬೈಸಿಕೊಳ್ಳುವುದೂ ರಿಪೇರಿಯ ಭಾಗ.

"ನಾನು ತಿದ್ದಿದ್ದೆ ಸಾರ್. ತಾನಾಗೇ ಹಳೇದಾಗುತ್ತೆ. ನಾನೇ ಬೇಕಂತ ಮಾಡ್ತಿದ್ದೀನಂತೆ, ಸಂಜೆಯೊಳಗೆ ಕೆಲಸ ಬಿಡ್ಬೇಕಂತೆ. ಭಾಷ್ಯಂ ಸಾರ್ ಹೇಳಿಕಳಿಸಿದಾರೆ."

ಭಾಷ್ಯಂ ಮಾಲೀಕರು. ಕೂರುವುದು ಬೇಲೂರಿನ ಅಂಗಡಿಯಲ್ಲಿ. ಎರಡೂ ಅಂಗಡಿಯ ಫೈಲುಗಳನ್ನು ಒಂದೇ ಸಮ ಇಡಲು ಒಂದು ಸಿಂಕ್ ಸಾಫ್ಟ್‌ವೇರ್ ಹಾಕಿಸಿದ್ದರು. ಒಂದೇ ಫೈಲು ಎರಡು ಕಡೆ ಬೇರೆಬೇರೆಯಾಗಿ ಕಂಡರೆ ಅದು ಈಚಿನ ತಾರೀಖಿನದನ್ನು ಉಳಿಸುತ್ತದೆ. ಇನ್ನೊಂದನ್ನು ಅಳಿಸುತ್ತದೆ. ಮಾಡಿದ್ದನ್ನೆಲ್ಲ ಲಾಗ್ ಫೈಲಿನಲ್ಲಿ ಬರೆದಿಡುತ್ತದೆ.

ಮನುಷ್ಯರು ಸುಳ್ಳು ಹೇಳುತ್ತಾರೆ. ಲಾಗ್ ಫೈಲಿಗೆ ಅಷ್ಟು ಬುದ್ಧಿಯಿಲ್ಲ.

"ಕಾಲರ್ ಬಿಡಿ. ಲಾಗ್ ಓದಬೇಕು."

"ಹಿಂಗೇ ಓದಿ."

ಓದಿದೆ. ಭಾಗ್ಯಳ ಫೈಲು, ಜುಲೈ. ಬೇಲೂರಿನ ಫೈಲು, ಆಗಸ್ಟ್. ಬೇಲೂರಿನದು ಹೊಸದು... ಅರಸೀಕೆರೆಯದನ್ನು ಅಳಿಸಲಾಗಿದೆ.

ಗೋಡೆಯ ಕ್ಯಾಲೆಂಡರ್ ನೋಡಿದೆ.

ಇನ್ನೂ ಜುಲೈ.

ಬೇಲೂರಿಗೆ ಫೋನ್ ಮಾಡಿದೆ. ಎಂಗೇಜ್. ಆಗುವುದೇ ಹಾಗೆ... ಅಲ್ಲಿನ ಇಂಟರ್ನೆಟ್ ಓಡುವುದು ಅದೇ ಲೈನಿನಲ್ಲಿ.

"ಜೀಪ್ ಐತೆ, ಹತ್ತಿ," ಅಂದರು ಜಯದೇವಪ್ಪ.

ಜಾವಗಲ್ ದಾಟುವಾಗ ನಾನು ಕಣ್ಣು ಮುಚ್ಚಿದೆ. ಹಳೇಬೀಡಿನಲ್ಲಿ ತೆರೆದೆ. ಟೂರಿಸ್ಟ್ ಬಸ್ಸೊಂದು ಎದುರಿಗೇ ಬರುತ್ತಿತ್ತು. ಮತ್ತೆ ಮುಚ್ಚಿದೆ. ಹಿಂದಿನ ಸೀಟಿನಲ್ಲಿ ಭಾಗ್ಯ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದಳು.

ಬೇಲೂರಿನಲ್ಲಿ ಭಾಷ್ಯಂ ಕಂಪ್ಯೂಟರಿಗೆ ಕುಂಕುಮವಿಟ್ಟು ಕೂತಿದ್ದರು.

"ಇದರ ತಾರೀಖು ಮುಂದಕ್ಕೆ ಹಾಕಿದ್ದು ಯಾರು?"

"ನಾನೇ ಕಣಯ್ಯಾ. ಆಷಾಢದಲ್ಲಿ ಲಗ್ನಪತ್ರಿಕೆ ಹೊಡೆಯೋದುಂಟೇ? ದಿನಾ ಪೂಜೆ ಆದಮೇಲೆ ವರಮಹಾಲಕ್ಷ್ಮಿ ಹಬ್ಬದ ದಿನಕ್ಕೆ ಇಡ್ತೀನಿ. ಶ್ರಾವಣ ಶುಕ್ರವಾರ, ದಿವ್ಯವಾಗಿದೆ."

"ಅದಕ್ಕೇ ನಿಮ್ಮ ಫೈಲೇ ಹೊಸದು ಅಂತ ಅದು ನಂಬಿದೆ. ಈಕೆ ತಿದ್ದಿದ್ದೆಲ್ಲ ಅಳಿಸಿದೆ. ಮೊದಲು ಬೀಗರ ಹೆಸರು ತಪ್ಪಾಗಿ ಹೊಡೆದವರು?"

"...ಅದೂ ನಾನೇ."

ಜಯದೇವಪ್ಪನವರ ಕೈ ಹೊಸ ಕಾಲರ್ ಹುಡುಕಿತು. ಭಾಷ್ಯಂ ಬರೀ ಶಲ್ಯ ಹೊದ್ದಿದ್ದರು. ಪುಣ್ಯವಂತರು.

"ತಾರೀಖು ಹಿಂದಕ್ಕೆ ಹಾಕಿ," ಅಂದೆ.

"ಆಷಾಢ ಕಳೀದೆ ಆಗಲ್ಲ."

ವಾದ ಮಾಡಲಿಲ್ಲ. ಭಾಗ್ಯಳನ್ನು ಅದೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಮದುವೆ ಗಂಡು ಮದುವೆ ಗಂಡಾದ. ಬೀಗರು ಬೀಗರಾದರು. ಆಗಸ್ಟಿನ ತಾರೀಖು ಹೊತ್ತ ಫೈಲು ಅರಸೀಕೆರೆಗೆ ಹೋಯಿತು. ಹೋಗಿದೆ ಎಂದು ಲಾಗ್ ಬರೆಯಿತು. ಜಯದೇವಪ್ಪ ಉಸಿರು ಬಿಟ್ಟರು.

ಭಾಷ್ಯಂ ಗಂಟಲು ಸರಿಮಾಡಿಕೊಂಡರು. "ಕೆಲಸ ಬಿಡೋ ಮಾತು ಮರ್ತುಬಿಡಮ್ಮ. ತಪ್ಪು ನಂದೇ. ಬಂದದ್ದು ಬಂದೆ, ಇನ್ನೊಂದೆರಡು ಪತ್ರಿಕೆ ಹೊಡೆದುಕೊಟ್ಟು ಹೋಗು."

ಭಾಗ್ಯ ಬ್ಯಾಗ್ ಹೆಗಲಿಗೆ ಹಾಕಿಕೊಂಡಳು.

"ಹಬ್ಬದ ದಿನ ಅಂಗಡಿ ರಜಾ ಅಲ್ವಾ ಸಾರ್?"

"ಇವತ್ತು ಯಾವ ಹಬ್ಬ?"

ಅವಳು ಪರದೆಯ ಮೂಲೆಯಲ್ಲಿದ್ದ ತಾರೀಖು ತೋರಿಸಿದಳು.

ಭಾಷ್ಯಂ ನನ್ನ ಮುಖ ನೋಡಿದರು.

"ಲಾಗ್‌ನಲ್ಲೂ ಹಾಗೇ ಇದೆ," ಅಂದೆ.