ಡ್ಯೂಟಿಯಲ್ಲಿದ್ದವಳು

"ರೂಪಶ್ರೀ ಅಂದ್ರೆ ನೀವೇನಾ? ಎದ್ದು ನಿಲ್ಲಿ ಸಿಸ್ಟರ್!"

ಚಾಮರಾಜನಗರದ ತರಬೇತಿ ಹಾಲಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಕೂಗಿದವನು ನರ್ಸುಗಳಿಗೆ ನಾಯಕತ್ವ ಕಲಿಸಲು ಬಂದಿದ್ದ ಮಹಾಲಿಂಗ; ಅವನೂ ನರ್ಸೇ. ಗುಂಡ್ಲುಪೇಟೆಯ ಆಸ್ಪತ್ರೆಯಿಂದ ಬಂದಿದ್ದ ರೂಪಶ್ರೀ ಎದ್ದಳು.

"ಪೇಷಂಟ್‌ಗೆ ಉಸಿರು ಸಿಗ್ತಿಲ್ಲ, ಡಾಕ್ಟರ್ ಬರ್ತಿಲ್ಲ. ಏನ್ ಮಾಡ್ತೀರಿ?"

ಅವಳು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ.

"ಗೊತ್ತು ಬುಡಿ... ಏನೂ ಮಾಡಲ್ಲ! ನಮ್ಮಪ್ಪ ದೊಡ್ಡಮಾದಯ್ಯ ನಿಮ್ಮ ವಾರ್ಡಲ್ಲೇ ಸತ್ತದ್ದು. ಡ್ಯೂಟೀಲಿದ್ದವರು ನೀವೇ!"

'ಅಯ್ಯೋ ದೇವರೇ... ಅವರ ಮಗನಾ ಇವನು?'

ಅವಳು ತಲೆ ತಗ್ಗಿಸಿ ಕುಳಿತುಬಿಟ್ಟಳು.

ಅಂದಿನಿಂದ ಪ್ರತಿ ತರಗತಿಯಲ್ಲೂ ಅವಳನ್ನೇ ನಿಲ್ಲಿಸಿದ, ಅವಳನ್ನೇ ನಗೆಪಾಟಲು ಮಾಡಿದ. ಆದರೂ ರೋಗಿಗಳ ಬಗ್ಗೆ ಮಾತಾಡುವಾಗ ಒದ್ದೆಯಾಗುತ್ತಿದ್ದ ಅವನ ಆ ದನಿ... ಛೀ, ಚುಚ್ಚುವವನಿಗಾಗಿ ಈ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತೆ!

ಕೊನೆಗೆ, "ವಾರ್ಡ್ ಇನ್‌ಚಾರ್ಜ್ ಆಗೋಕೆ ಈಕೆ ಲಾಯಕ್ಕಿಲ್ಲ" ಎಂದು ಮೇಲಿನವರೆದುರೇ ಹೇಳಿಬಿಟ್ಟ. ಅವಳಿಗೆ ಬರಬೇಕಿದ್ದ ಹುದ್ದೆ ಬೇರೆಯವಳ ಪಾಲಾಯಿತು.

ಮರುವಾರ, ಕಲಿತವರ ಕೆಲಸ ನೋಡಲು ಗುಂಡ್ಲುಪೇಟೆಯ ವಾರ್ಡಿಗೆ ಬಂದ ಅವನನ್ನು ಆಯಾ ಚಿಕ್ಕನಿಂಗಮ್ಮ ತಡೆದಳು.

"ಆ ಮಗೀನ ಯಾಕಪ್ಪಾ ಇಂಗೆ ಕೊಲ್ತೀಯೆ? ಡಾಕ್ಟ್ರಿಗೆ ಫೋನ್ ಮಾಡಿ ಮಾಡಿ ಬೈಸ್ಕಂಡ್ಳು ಕಣಪ್ಪಾ. ನಿಮ್ಮಪ್ಪನ ಕೈ ಬುಡ್ದೆ ಕೂತಿದ್ಲು!"

ಮಹಾಲಿಂಗ ಅವಳನ್ನು ಹುಡುಕಿ ಹೊರಟ. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದ ರೂಪಶ್ರೀಯ ಮುಂದೆ ಬಂದು ನಿಂತ.

"ಯಾಕೆ ಹೇಳ್ಲಿಲ್ಲ ರೂಪಾ?"

"ಡಾಕ್ಟರನ್ನ ಕರೆದದ್ದು ನಿಜ. 'ಇನ್ನೊಂದ್ಸಲ ಫೋನ್ ಮಾಡಿದ್ರೆ ಕೆಲ್ಸ ಹೋಗ್ತದೆ' ಅಂತ ಅವರು ಅಂದಾಗ ಸುಮ್ಮನಾದದ್ದೂ ನಿಜ. ನೀವು ಬೈದದ್ರಲ್ಲಿ ಅರ್ಧ ನನಗೆ ಸೇರಬೇಕಾದ್ದೇ ಸರ್."

ಅವನು ಕೆಳಗಿನ ಮೆಟ್ಟಿಲ ಮೇಲೆ ಕುಸಿದ.

"ದ್ವೇಷ ಮಾಡ್ಬೇಕು ಅಂತಾನೇ ನಿಮ್ಮನ್ನ ನೋಡ್ತಿದ್ದೆ... ನೋಡ್ತಾ ನೋಡ್ತಾ ಮನಸ್ಸು ಕೈತಪ್ಪೋಯ್ತು. ಅಪ್ಪನ್ನ ಸಾಯಿಸಿದವಳ ಮೇಲೆ ಆಸೆ ಪಟ್ಟೆನಲ್ಲಾ ಅಂತ ನನ್ ಮೇಲೆ ನಂಗೇ ಅಸಹ್ಯ! ಅದಕ್ಕೇ ಇನ್ನೂ ಚುಚ್ಚಿದೆ. ನಾಳೆ ಎಲ್ಲರೆದುರು ನನ್ನ ತಪ್ಪು ಒಪ್ಕೋತೀನಿ."

"ಹುದ್ದೆ ವಾಪಸ್ ಬರಲ್ಲ."

"ಬರಲ್ಲ..."

ಅವಳು ಬಿಕ್ಕಿದಳು. "ನಿಮ್ಮನ್ನ ನೋಡಿದಾಗೆಲ್ಲ ನಿಮ್ಮಪ್ಪ ಮಲಗಿದ್ದ ಆ ಮಂಚಾನೇ ನೆನಪಾಗ್ತದೆ. ಆದ್ರೂ... ನೀವು ಬರೋ ದಾರೀನೇ ಕಾಯ್ತಿದ್ದೆ."

ಅವನು ಕೇಳಿದ, "ಅಪ್ಪ ಕೊನೇಲಿ ಏನಾದ್ರೂ ಅಂದ್ರಾ?"

"'ನನ್ ಮಗನೂ ನಿನ್ನಂಗೇ ನರ್ಸು ಕಣಮ್ಮಿ... ಉಂಡವ್ನೋ ಇಲ್ವೋ' ಅಂದ್ರು."

ಮಹಾಲಿಂಗ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ರೂಪಶ್ರೀ ಮೆಲ್ಲಗೆ ಅವನ ಕೈ ಸರಿಸಿದಳು.

"ಉಂಡಿದ್ದೀರಾ?"

"ಇಲ್ಲ ಕಣೇ..."

"ಬನ್ನಿ. ಡಬ್ಬೀಲಿ ಮುದ್ದೆ ಐತೆ. ಇಬ್ರೂ ಉಣ್ಣನ."