ಎರಕದ ಮನೆಯ ಮೂಕಗಂಟೆ

"ಆ ಗಂಟೆ ತಂಟೆಗೆ ಮಾತ್ರ ಹೋಗ್ಬೇಡ. ಹೊಡೆದವರ ವಂಶ ಉಳಿಯಲ್ಲ," ಎಂದಳು ಅತ್ತೆ.

ಸೊಸೆಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ಆಗಲೇ ಹೆದರಿಸುವ ಕಾರ್ಯಕ್ರಮ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಸೋಸಿ ವಂಶವಾಹಿಗಳನ್ನು ಓದುವುದೇ ಅವಳ ಕೆಲಸ. ಶಾಪ ಓದುವ ಯಂತ್ರ ಅಲ್ಲಿರಲಿಲ್ಲ.

ಮನೆಯೆಂದರೆ ಗಂಟೆ ಎರಕದ ಕಾರ್ಖಾನೆಯ ಬೆನ್ನಿಗೆ ಅಂಟಿದ ಕೆಲವು ಕೋಣೆಗಳು. ಶಾಲೆಗಳಿಗೂ ಹಡಗುಗಳಿಗೂ ಇಲ್ಲಿಂದಲೇ ಗಂಟೆ ಹೋಗುತ್ತಿತ್ತು. ಆದರೆ ಗಂಟೆ ಎರೆಯುವ ಈ ಮನೆತನಕ್ಕೇ ಕಿವಿ ಇರಲಿಲ್ಲ. ಪ್ರತಿ ತಲೆಮಾರಿನಲ್ಲೂ ಯಾರಾದರೊಬ್ಬರು ಹುಟ್ಟುಕಿವುಡರು. ಅಂಥವರ ಹಣೆಯ ಮೇಲೊಂದು ಬಿಳಿಗೂದಲ ಎಳೆ. ಒಂದು ಕಣ್ಣು ಕಪ್ಪು, ಇನ್ನೊಂದು ತಿಳಿನೀಲಿ. ತೀರಿಹೋದ ಮಾವ ಹಾಗಿದ್ದ. ನಾದಿನಿ ಹಾಗಿದ್ದಳು. ಗಂಡ ಮಾತ್ರ ಪಾರಾಗಿದ್ದ.

ಅತ್ತೆಯ ಕತೆ ಬೇರೆಯೇ ಇತ್ತು. ಯಾವನೋ ಹಿರೀಕ ತನಗೆ ಪೈಪೋಟಿಯಾದ ಎರಕದವನ ಕಿವಿಗೆ ಕಾದ ಕಂಚು ಸುರಿದು ಕೊಂದನಂತೆ. ಸತ್ತವನ ಹೆಂಡತಿ ತಲೆ ಬೋಳಿಸಿಕೊಂಡು, ಆ ಕೂದಲನ್ನು ಈ ಮನೆಯ ಅಚ್ಚಿನ ಮಣ್ಣಿಗೆ ಕಲಸಿ ಮಾಟ ಮಾಡಿದಳಂತೆ. ಆ ಅಚ್ಚಿನಿಂದ ಎದ್ದ ಗಂಟೆಗೆ ದನಿಯೇ ಇರಲಿಲ್ಲ. ಅದೀಗ ಹಿಂದಿನ ಕೋಣೆಯಲ್ಲಿ ಗೋಣಿ ಹೊದ್ದು ತೂಗುತ್ತಿತ್ತು.

"ಮಾಟಾನೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ ಅತ್ತೆ," ಎಂದಳು ಸೊಸೆ. "ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಮಾವನ ರಕ್ತದಲ್ಲಿ ಒಂದು ತಪ್ಪಕ್ಷರ ಇತ್ತು. ನಿಮ್ಮ ಮಗಳಿಗೆ ಬಂತು, ಮಗನಿಗೆ ಬರಲಿಲ್ಲ. ನಾಣ್ಯ ಚಿಮ್ಮಿದ ಹಾಗೆ, ಅಷ್ಟೇ. ಮದುವೆಗೆ ಮೊದಲೇ ಇಬ್ಬರ ರಕ್ತಾನೂ ನಾನೇ ಪರೀಕ್ಷೆ ಮಾಡಿ ನೋಡಿದೀನಿ."

"ನನ್ನ ಮಗಳ ಬಾಳು ನಿನಗೆ ನಾಣ್ಯ ಚಿಮ್ಮೋ ಆಟಾನಾ?" ಅತ್ತೆಯ ದನಿ ಕತ್ತಿಯಂತಿತ್ತು.

ಅಂದಿನಿಂದ ಮನೆಯಲ್ಲಿ ಗಾಳಿಗೂ ಹಗೆ. ಅನ್ನ ಬಡಿಸುವಾಗ ಚುಚ್ಚುಮಾತು, ನೀರು ಕೊಡುವಾಗ ಚುಚ್ಚುಮಾತು. ಗಂಡ ತಲೆ ಎತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಕುಲುಮೆ ಭೋರ್ಗರೆಯುತ್ತಿದ್ದಾಗ ಕೆಲಸಗಾರರೆಲ್ಲರ ಎದುರೇ ಅತ್ತೆ ಅಂದಳು: "ಓದಿದವಳ ಧೈರ್ಯ ನಾಲಿಗೆ ತುದೀಲಿ ಮಾತ್ರ."

ಸೊಸೆ ಮರದ ಸುತ್ತಿಗೆ ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದಳು.

ಬಾಗಿಲಿಗೆ ಬೀಗವಿರಲಿಲ್ಲ. ಹಸಿ ಜೇಡಿಮಣ್ಣಿನ ವಾಸನೆ, ಕೊಳೆತ ಗೋಣಿಯ ವಾಸನೆ. ಅವೆರಡರ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಕಿಟಕಿಯಿದ್ದರೂ ಬೆಳಕು ಒಳಗೆ ಬರಲು ಅಂಜಿ ಹೊರಗೇ ನಿಂತಂತಿತ್ತು. ಗೋಣಿ ಎಳೆದಳು. ಹಸಿರುಗಪ್ಪು ಗಂಟೆ. ಅದರ ಮೈತುಂಬ ನವಿರಾದ ಬಿಳಿ ಗೆರೆಗಳು. ಬೆರಳಿಟ್ಟಳು. ಗೆರೆಗಳಲ್ಲ, ಕೂದಲು. ಕಂಚಿನ ಕಾವಿಗೆ ಕೂದಲು ಸುಟ್ಟು ಬೂದಿಯಾಗಬೇಕಿತ್ತಲ್ಲ?

ಹೊರಗಿನವರಿಗೆ ಕೇಳಲೆಂದೇ ಗಹಗಹಿಸಿದಳು. "ನಿಮ್ಮ ಮಾಟಗಾತಿ ಏಳ್ತಾಳಾ ನೋಡಿ ಅತ್ತೆ!"

ಹೊಡೆದಳು.

ಸದ್ದಿಲ್ಲ. ಮತ್ತೆ ಹೊಡೆದಳು. ಸದ್ದಿಲ್ಲ. ಕುಲುಮೆಯ ಭೋರ್ಗರೆತವೂ ಇಲ್ಲ. ಸುತ್ತಿಗೆ ಕೈಜಾರಿತು. ಕಲ್ಲುನೆಲಕ್ಕೆ ಬಿತ್ತು. ಸದ್ದಿಲ್ಲ. ಬೆರಳಿಗೆ ಏನೋ ಸುತ್ತಿಕೊಂಡಿತ್ತು. ಬೆಚ್ಚಗಿತ್ತು. ಎಳೆದಳು. ಅದೂ ಎಳೆಯಿತು. ತೋಳು ಹತ್ತಿತು. ಕುತ್ತಿಗೆ. ಕಿವಿ. ಕಿವಿಯೊಳಗೆ. ಕಿರುಚಿದಳು. ಕಿರುಚಿದ್ದು ಗಂಟಲಿಗೆ ಗೊತ್ತಾಯಿತು, ಕಿವಿಗೆ ಗೊತ್ತಾಗಲಿಲ್ಲ.

ಬಿದ್ದೆದ್ದು ಹೊರಗೋಡಿ ಬಂದಳು. ಕುಲುಮೆ ಮೌನವಾಗಿ ಉರಿಯುತ್ತಿತ್ತು. ಅದರ ಮುಂದೆ ನಾದಿನಿ ಎರಡೂ ಕಿವಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಲೋಕದ ಸದ್ದು ಮೊದಲ ಬಾರಿಗೆ ಅವಳ ಮೇಲೆ ಮುರಿದುಬಿದ್ದಿತ್ತು. ಎರಡು ಕಣ್ಣೂ ಕಪ್ಪು. ಹಣೆಯ ಮೇಲಿನ ಎಳೆಯೂ ಕಪ್ಪು. ಅತ್ತೆ ಮಗಳ ಬೆನ್ನ ಹಿಂದೆ ನಿಂತು ತುಟಿಯಾಡಿಸಿದಳು. ಮಗಳು ತಿರುಗಿ ನೋಡಿದಳು.

ಉಜ್ಜಿಟ್ಟ ಹೊಸ ಗಂಟೆಯೊಂದರ ಮೈಯಲ್ಲಿ ಸೊಸೆ ತನ್ನ ಮುಖ ಕಂಡಳು. ಹಣೆಯ ಮೇಲೆ ಬಿಳಿ ಎಳೆ. ಒಂದು ಕಣ್ಣು ತಿಳಿನೀಲಿ.

ಅತ್ತೆ ಬಗ್ಗಿ ಅಚ್ಚಿನ ಮರಳಿನಲ್ಲಿ ಬೆರಳಿನಿಂದ ಬರೆದಳು: "ನಾನೂ ಹೊಡೆದಿದ್ದೆ. ಹೆದರಿ ಹೊಡೆದವರಿಗೆ ಅದು ಹತ್ತಲ್ಲ. ನಗ್ತಾ ಹೊಡೆಯೋರು ಬೇಕಿತ್ತು." ಕೆಳಗೆ ಇನ್ನೊಂದು ಸಾಲು: "ನಾನು ಹೆತ್ತವಳು."

ಸೊಸೆ ಆ ಮನೆ ಬಿಟ್ಟಳು. ಲ್ಯಾಬಿನಲ್ಲಿ ತನ್ನದೇ ರಕ್ತ ಪರೀಕ್ಷಿಸಿದಳು. ನಾದಿನಿಯಲ್ಲಿ ಕಂಡಿದ್ದ ಅದೇ ತಪ್ಪಕ್ಷರ, ಅದೇ ಜಾಗದಲ್ಲಿ. ಮತ್ತೆ ಪರೀಕ್ಷಿಸಿದಳು. ಅದೇ ಉತ್ತರ. ಕೊನೆಗೆ ಲೆಕ್ಕವೇ ಅವಳಿಗೆ ಸಮಾಧಾನ ಹೇಳಿತು. ವಂಶವಾಹಿ ಇಳಿಯುವುದು ಕೆಳಕ್ಕೆ, ತಾಯಿಯಿಂದ ಮಗುವಿಗೆ. ತಾನು ಹೆರದಿದ್ದರಾಯಿತು, ಈ ಶಾಪ ತನ್ನೊಂದಿಗೇ ಮಣ್ಣಾಗುತ್ತದೆ.

ಸುದ್ದಿ ತಿಳಿದು ದೂರದೂರಿನಿಂದ ಅವಳ ತಾಯಿ ಓಡಿಬಂದಳು, ಜೊತೆಗೆ ತಂಗಿ, ತಂಗಿಯ ಎಳೆಗೂಸು. ಬಾಗಿಲಲ್ಲಿ ನಿಂತ ತಾಯಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಬಿಳಿ ಎಳೆ ಹಣೆಯ ಮೇಲೆ ಜಾರಿತು. ತಂಗಿಯ ಹಣೆಯ ಮೇಲೂ ಅದೇ. ಕಂಕುಳಲ್ಲಿದ್ದ ಕೂಸು ಬಾಯಿ ಅಗಲಿಸಿ ಅಳುತ್ತಿತ್ತು. ತಂಗಿ ಅತ್ತ ತಿರುಗಲೇ ಇಲ್ಲ.

ತಾಯಿ ಒಂದು ನೀಲಿ, ಒಂದು ಕಪ್ಪು ಕಣ್ಣಿನಿಂದ ಮಗಳನ್ನೇ ದಿಟ್ಟಿಸಿದಳು. ಅವಳ ತುಟಿಗಳು ಬಿಡಿಬಿಡಿಯಾಗಿ ಆಡಿದವು:

"ದಾರೀಲಿ... ಯಾಕೆ... ಎಲ್ಲರೂ ಸುಮ್ಮನಾಗಿಬಿಟ್ರು?"